ಹದಿನೈದು ವರ್ಷ ದಾಟಿದ ಲ್ಯಾಪ್‌ಟಾಪ್‌ಗೆ ಹಗುರ ಲಿನಕ್ಸ್: ಮೊದಲು ಧೂಳು, ಆಮೇಲೆ ಉಳಿದದ್ದು

ಹೋದ ತಿಂಗಳು ಅಕ್ಕನ ಮನೆಯ ಅಟ್ಟದಿಂದ ಒಂದು ಲ್ಯಾಪ್‌ಟಾಪ್ ಕೆಳಗಿಳಿಯಿತು. 2009ರಲ್ಲಿ ಕೊಂಡದ್ದು. ಭಾವ ಅದನ್ನು ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದರು. ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲೇ ಏಳೆಂಟು ವರ್ಷ ದುಡಿದ ಯಂತ್ರ. ಅಕ್ಕನ ಮಗಳು ಈಗ ಚಿತ್ರದುರ್ಗದಲ್ಲಿ ಬಿಕಾಂ ಕೊನೆಯ ವರ್ಷ ಓದುತ್ತಿದ್ದಾಳೆ. ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಬೇಕು, ಪಿಡಿಎಫ್ ಓದಬೇಕು, ಕಾಲೇಜಿನ ಮೇಲ್ ನೋಡಬೇಕು. ಹೊಸದು ಕೊಳ್ಳುವಷ್ಟು ದುಡ್ಡು ಸದ್ಯಕ್ಕೆ ಅವರ ಹತ್ತಿರ ಇಲ್ಲ. "ಮಾಮ, ಇದು ಇನ್ನೂ ನಡೆಯುತ್ತಾ?" ಅಂತ ಕೇಳಿದಳು.

ನಡೆಯುತ್ತದೆ. ಎರಡು ಭಾನುವಾರ ಹಿಡಿಯಿತು ಅಷ್ಟೆ. ಅದನ್ನು ಹೇಗೆ ಮಾಡಿದೆ, ನೀವು ಹೇಗೆ ಮಾಡಬಹುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಹಳೇ ಲ್ಯಾಪ್‌ಟಾಪ್ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ "ಯಾವ ಲಿನಕ್ಸ್ ಹಾಕಲಿ?" ಅಂತ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಹಲವು ಬಗೆಗಳಿವೆ. ನನ್ನ ಅನುಭವದಲ್ಲಿ ಆ ಪ್ರಶ್ನೆ ನಾಲ್ಕನೆಯದು. ಹಳೆಯ ಯಂತ್ರವನ್ನು ಕೊಲ್ಲುವುದು ಮೂರು: ಬಿಸಿ, ಹಾರ್ಡ್‌ಡಿಸ್ಕ್, ಬ್ರೌಸರ್. ಈ ಮೂರನ್ನು ಬಿಟ್ಟು ಎಷ್ಟೇ ಹಗುರ ಲಿನಕ್ಸ್ ಹಾಕಿದರೂ ವಾರದಲ್ಲಿ ಅದು ಮತ್ತೆ ಅಟ್ಟ ಸೇರುತ್ತದೆ.

ಅಳಿಸುವ ಮೊದಲು

ಒಳಗೆ ಏನಿದೆ ನೋಡಿ. ಭಾವನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು, ಅದಕ್ಕೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ. ಅದೂ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಆದರೆ ಒಳಗೆ ಮಗಳ ನಾಮಕರಣದ ಫೋಟೊಗಳಿದ್ದವು. ವಿಂಡೋಸ್ ಏಳದಿದ್ದರೆ ಫೋಟೊ ಹೋಯಿತು ಅಂತ ಹೆದರಬೇಡಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ, ಅಂದರೆ ಯಂತ್ರವನ್ನು ಅದರಿಂದಲೇ ಎಬ್ಬಿಸಿದರೆ, ಹಳೆಯ ಡಿಸ್ಕ್ ತೆರೆದುಕೊಳ್ಳುತ್ತದೆ, ಎಲ್ಲವನ್ನೂ ಇನ್ನೊಂದು ಡ್ರೈವ್‌ಗೆ ಎತ್ತಿಟ್ಟುಕೊಳ್ಳಬಹುದು. ಆ ಪೆನ್‌ಡ್ರೈವ್ ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ನುಡಿ ಅಥವಾ ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಸ್ವಲ್ಪ ನಿಲ್ಲಿ. ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆ ಅಕ್ಷರಗಳಲ್ಲಿ ಬರೆದ ಪತ್ರ ಲಿನಕ್ಸ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಹಾಳಾಗಿಲ್ಲ, ಆ ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಇನ್ನೂ ಏಳುತ್ತಿದ್ದರೆ ಅಲ್ಲೇ ಯೂನಿಕೋಡ್‌ಗೆ ಬದಲಾಯಿಸಿಕೊಂಡು ಬಿಡಿ.

ಇನ್ನೊಂದು. ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬೇಕೇ ಬೇಕು ಅನ್ನುವವರು ಈ ದಾರಿಗೆ ಬರಬೇಡಿ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಸುತ್ತುಬಳಸಿ ಓಡಿಸಲು ಹೋದರೆ ಹಳೆಯ ಯಂತ್ರದಲ್ಲಿ ತಲೆನೋವೇ ಜಾಸ್ತಿ.

ಬಿಚ್ಚಿ, ಧೂಳು ತೆಗೆಯಿರಿ

ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ. ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅದನ್ನು ಮತ್ತೆ ಹಾಕಲೇಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಆ ಕಾಲದ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಮೇಲೂ ಓಡುತ್ತವೆ.

ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಫ್ಯಾನ್ ಮತ್ತು ಅದರ ಪಕ್ಕದ ತಾಮ್ರದ ರೆಕ್ಕೆಗಳ ನಡುವೆ ಒಂದು ಪದರ ಕೂತಿತ್ತು. ಧೂಳು ಅನ್ನುವ ಹಾಗಿಲ್ಲ, ಮೆಕ್ಕೆಜೋಳದ ಹೊಟ್ಟು, ಗೋಣಿಚೀಲದ ನಾರು ಎಲ್ಲಾ ಸೇರಿ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ, ಚಿಮುಟದಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬಂತು. ಗಾಳಿ ಹೋಗಲು ಜಾಗವೇ ಇರಲಿಲ್ಲ. ಪ್ರೊಸೆಸರ್ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಇನ್ನೂ ಏರಿದರೆ ಪಟ್ ಅಂತ ಆಫ್ ಆಗುತ್ತದೆ. ಭಾವ ಇದನ್ನು "ವೈರಸ್ ಬಂದಿದೆ" ಅಂದುಕೊಂಡು ಮೂರು ಸಲ ಫಾರ್ಮ್ಯಾಟ್ ಮಾಡಿಸಿದ್ದರು.

ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಅದರ ಬಿಸಿಯನ್ನು ಹೊರಕ್ಕೆ ದಾಟಿಸುವ ಲೇಪ) ಹದಿನೈದು ವರ್ಷಕ್ಕೆ ಒಣಗಿ ಸುಣ್ಣದ ಹಾಗೆ ಉದುರುತ್ತಿರುತ್ತದೆ. ಅದನ್ನು ಒರೆಸಿ ಅಕ್ಕಿಕಾಳಿನಷ್ಟು ಹೊಸದು ಹಾಕಿ. ಕೈ ನಡುಗುತ್ತದೆ ಅನ್ನಿಸಿದರೆ ರಿಪೇರಿ ಅಂಗಡಿಯಲ್ಲಿ ಇದೊಂದು ಕೆಲಸ ಮಾಡಿಸಿಕೊಳ್ಳಿ, ಕೊಟ್ಟ ದುಡ್ಡು ದಂಡವಲ್ಲ. ನಮ್ಮ ಕಡೆ ಏಪ್ರಿಲ್‌ನ ಬಿಸಿಲಿಗೆ ಮನುಷ್ಯರೇ ಬಾಡುತ್ತಾರೆ, ಇದು ಯಂತ್ರ.

ಕೀಬೋರ್ಡನ್ನೂ ಬೋರಲು ಹಾಕಿ ಮೆಲ್ಲಗೆ ತಟ್ಟಿ. ದಾವಣಗೆರೆಯ ಅಂಗಡಿಯಲ್ಲಿದ್ದ ಯಂತ್ರ ಅಲ್ವಾ, ಮಂಡಕ್ಕಿ ಚೂರು ಬಿದ್ದೇ ಬೀಳುತ್ತದೆ.

ಬಿಚ್ಚಿದಾಗಲೇ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಬದಲಾಯಿಸಿ. ಸಾಮಾನ್ಯವಾಗಿ ಅದು ಸಿಆರ್2032, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ವೈರ್ ಬೆಸೆದಿರುತ್ತಾರೆ, ಹಾಗಿದ್ದರೆ ವೈರ್ ಸಮೇತ ಕೊಳ್ಳಬೇಕು. ಇದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗುತ್ತದೆ. ಅದರಿಂದ ಏನು ತೊಂದರೆ ಅನ್ನಬಹುದು. ಬ್ರೌಸರ್ ಪ್ರತಿ ವೆಬ್‌ಸೈಟ್‌ನ ಪ್ರಮಾಣಪತ್ರದ ತಾರೀಖನ್ನು ನಿಮ್ಮ ಗಡಿಯಾರಕ್ಕೆ ಹೋಲಿಸಿ ನೋಡುತ್ತದೆ. ಗಡಿಯಾರ 2009 ಅಂದರೆ "ಸಂಪರ್ಕ ಸುರಕ್ಷಿತವಲ್ಲ" ಅಂತ ಒಂದು ಪುಟವನ್ನೂ ತೆರೆಯಲು ಬಿಡುವುದಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ನಿಲ್ಲುತ್ತದೆ. ನಾನು ಹಿಂದೊಮ್ಮೆ ಗೆಳೆಯನ ಯಂತ್ರದಲ್ಲಿ ಅರ್ಧ ದಿನ ವೈಫೈ ಜೊತೆ ಗುದ್ದಾಡಿದ್ದೆ. ತಪ್ಪು ಗಡಿಯಾರದ್ದಾಗಿತ್ತು.

ದುಡ್ಡು ಎಲ್ಲಿ ಹಾಕಬೇಕು

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕ್ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡ್ರೈವ್. 120 ಜಿಬಿ ಸಾಕು. 2.5 ಇಂಚಿನ ಸಾಟಾ ಡ್ರೈವ್ ಬೇಕು ಅಂತ ಕೇಳಿ, ಸಾಟಾ ಅನ್ನುವುದು ಡ್ರೈವನ್ನು ಬೋರ್ಡ್‌ಗೆ ಜೋಡಿಸುವ ಬಗೆ. ಹಳೆಯ ಲ್ಯಾಪ್‌ಟಾಪ್‌ನ ಸಾಟಾ ನಿಧಾನದ್ದು, ಎಸ್‌ಎಸ್‌ಡಿ ತನ್ನ ಪೂರ್ತಿ ವೇಗದಲ್ಲಿ ಓಡುವುದಿಲ್ಲ, ಅದು ನಿಜ. ಆದರೂ ತಿರುಗುವ ಡಿಸ್ಕ್‌ನಲ್ಲಿ ತಲೆ ಅತ್ತಿತ್ತ ಓಡಾಡಿ ಚೂರುಚೂರು ಡೇಟಾ ಹುಡುಕುವ ಹೊತ್ತು ಉಳಿಯುತ್ತದಲ್ಲ, ಕಣ್ಣಿಗೆ ಕಾಣುವ ಬದಲಾವಣೆ ಅಲ್ಲೇ ಇರುವುದು. ಈ ಯಂತ್ರ ಎದ್ದು ನಿಲ್ಲಲು ಎರಡು ನಿಮಿಷಕ್ಕೂ ಜಾಸ್ತಿ ತೆಗೆದುಕೊಳ್ಳುತ್ತಿತ್ತು, ಈಗ ಮುಕ್ಕಾಲು ನಿಮಿಷವೂ ಬೇಡ.

ತೀರಾ ಹಳೆಯ ಯಂತ್ರಗಳಲ್ಲಿ ಸಾಟಾ ಬದಲು ಐಡಿಇ ಇರುತ್ತದೆ, ಸಾಲುಸಾಲು ಸೂಜಿ ಇರುವ ಕನೆಕ್ಟರ್. ಹಾಗಿದ್ದರೆ ಮಾಮೂಲಿ ಎಸ್‌ಎಸ್‌ಡಿ ಕೂರುವುದಿಲ್ಲ. ಅದಕ್ಕಾಗಿ ತೆರೆದು ನೋಡಿಯೇ ಕೊಳ್ಳಿ.

ಎರಡನೆಯದು ರ್ಯಾಮ್, ಯಂತ್ರ ಓಡುವಾಗ ಬಳಸುವ ಮೆಮೊರಿ. ಇದರಲ್ಲಿ 2 ಜಿಬಿ ಡಿಡಿಆರ್2 ಇತ್ತು. ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಇನ್ನೊಂದು 2 ಜಿಬಿ ಸಿಕ್ಕಿತು. ಕೊಳ್ಳುವಾಗ ಹಳೆಯ ರ್ಯಾಮ್ ಕಡ್ಡಿ ಬಿಚ್ಚಿ ಜೊತೆಗೇ ಒಯ್ಯಿರಿ, ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ವಾಸಿ. ಕೆಲವು ಹಳೆಯ ಬೋರ್ಡ್‌ಗಳು 4 ಜಿಬಿ ಹಾಕಿದರೂ 3 ಜಿಬಿಯ ಆಸುಪಾಸು ಮಾತ್ರ ಬಳಸುತ್ತವೆ. ಅದು ಬೋರ್ಡ್‌ನ ಮಿತಿ.

32 ಬಿಟ್ಟೋ 64 ಬಿಟ್ಟೋ

ಪ್ರೊಸೆಸರ್‌ಗಳಲ್ಲಿ ಹಳೆಯ 32 ಬಿಟ್, ಆಮೇಲಿನ 64 ಬಿಟ್ ಅಂತ ಎರಡು ಬಗೆ. ನಿಮ್ಮದು ಯಾವುದು ಅಂತ ಗೊತ್ತಾಗದೆ ಡೌನ್‌ಲೋಡ್‌ಗೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಮೇಲಿನ ಸ್ಟಿಕ್ಕರ್ ನೋಡಿ. ಇಂಟೆಲ್ ಕೋರ್ 2 ಡ್ಯುಯೊ ಇದ್ದರೆ 64 ಬಿಟ್. "2" ಇಲ್ಲದ ಬರೀ ಕೋರ್ ಡ್ಯುಯೊ ಆದರೆ 32 ಬಿಟ್. ಹೆಸರು ಒಂದೇ ಥರ ಇರುವುದರಿಂದ ಇಲ್ಲಿ ತುಂಬಾ ಜನ ಎಡವುತ್ತಾರೆ. ಪೆಂಟಿಯಮ್ ಎಂ, ಆಟಮ್ ಎನ್270 ಇರುವ ಚಿಕ್ಕ ನೆಟ್‌ಬುಕ್‌ಗಳೂ 32 ಬಿಟ್ಟೇ. ತಪ್ಪಾಗಿ 64 ಬಿಟ್‌ನದು ಹಾಕಿದರೆ ಏನೂ ಸುಡುವುದಿಲ್ಲ, ಬೂಟ್ ಆಗುವಾಗಲೇ "ಈ ಕರ್ನಲ್‌ಗೆ 64 ಬಿಟ್ ಪ್ರೊಸೆಸರ್ ಬೇಕು" ಅನ್ನುವ ಸಂದೇಶ ಕೊಟ್ಟು ನಿಲ್ಲುತ್ತದೆ.

32 ಬಿಟ್ ಇರುವವರಿಗೆ ದಾರಿ ಕಿರಿದಾಗುತ್ತಾ ಬಂದಿದೆ. ಲಿನಕ್ಸ್‌ನ ಹೆಸರಾಂತ ಬಗೆಯಾದ ಉಬುಂಟು ಅದನ್ನು ಎಂದೋ ಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ, ಇನ್ನೊಂದು ಬಗೆಯಾದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಗೂಗಲ್ ಕ್ರೋಮ್ 32 ಬಿಟ್ ಲಿನಕ್ಸ್‌ಗೆ 2016ರಲ್ಲೇ ನಿಂತಿದೆ. ಫೈರ್‌ಫಾಕ್ಸ್‌ನ 144ನೇ ಆವೃತ್ತಿಯೇ 32 ಬಿಟ್ ಲಿನಕ್ಸ್‌ಗೆ ಕೊನೆಯದು. ಹಾಗಾಗಿ ನಿಮ್ಮದು 32 ಬಿಟ್ ಆಗಿದ್ದರೆ ಬರೆಯಲು, ಓದಲು, ಹಾಡು ಕೇಳಲು ಅದನ್ನು ಧಾರಾಳವಾಗಿ ಬಳಸಿ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ.

ಈಗ ಆ ನಾಲ್ಕನೆಯ ಪ್ರಶ್ನೆ

ನಾನು ಹಾಕಿದ್ದು ಆಂಟಿಎಕ್ಸ್ 23 ಅನ್ನುವ ಲಿನಕ್ಸ್, ಅದರ ಫುಲ್ ಆವೃತ್ತಿ. ಕಾರಣ ಇದೆ. ಅದು ಡೆಬಿಯನ್ 12ರ ಮೇಲೆ ಕಟ್ಟಿದ್ದು, 32 ಮತ್ತು 64 ಬಿಟ್ ಎರಡಕ್ಕೂ ಸಿಗುತ್ತದೆ, ಹಳೆಯ ಯಂತ್ರಗಳಿಗಾಗಿಯೇ ಮಾಡಿದ್ದು. ಐಸ್‌ಡಬ್ಲ್ಯುಎಂ ಅನ್ನುವ ಪುಟ್ಟ ವಿಂಡೋ ಮ್ಯಾನೇಜರ್ ಇರುವುದರಿಂದ ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ಎಕ್ಸ್‌ಪಿ ಬಳಸಿದ ಕೈಗೆ ಹೊಸದು ಅನ್ನಿಸುವುದಿಲ್ಲ. ಡೆಸ್ಕ್‌ಟಾಪ್ ತೆರೆದು ಸುಮ್ನೆ ಬಿಟ್ಟರೆ ಈ ಯಂತ್ರದಲ್ಲಿ 250 ಎಂಬಿ ಆಸುಪಾಸು ರ್ಯಾಮ್ ಹಿಡಿಯಿತು. ನೋಡಲು ಅಂದವಾಗಿಲ್ಲ, ಒಪ್ಪುತ್ತೇನೆ. 64 ಬಿಟ್ ಪ್ರೊಸೆಸರ್, 4 ಜಿಬಿ ರ್ಯಾಮ್, ಎಸ್‌ಎಸ್‌ಡಿ ಮೂರೂ ಇದ್ದು ಅಂದವೂ ಬೇಕು ಅಂದರೆ ಡೆಬಿಯನ್ ಜೊತೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪ್ ಹಾಕಿಕೊಳ್ಳಿ. 512 ಎಂಬಿಯ ಯಂತ್ರವಾದರೆ ಪಪ್ಪಿ ಲಿನಕ್ಸ್ ಕೂಡ ನೋಡಬಹುದು. ಹತ್ತು ಹೆಸರು ಇಟ್ಟುಕೊಂಡು ಒಂದೊಂದನ್ನೇ ಹಾಕಿ ತೆಗೆಯುವ ಚಾಳಿ ಮಾತ್ರ ಬೇಡ.

ಪೆನ್‌ಡ್ರೈವ್ ತಯಾರಿ

ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಐಎಸ್‌ಒ ಕಡತ, ಅಂದರೆ ಇಡೀ ಲಿನಕ್ಸ್ ತುಂಬಿರುವ ಒಂದೇ ಕಡತ, ಇಳಿಸಿಕೊಳ್ಳಿ. 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಇಳಿಸಿದ ಮೇಲೆ ಕಡತ ಸರಿಯಾಗಿ ಇಳಿದಿದೆಯಾ ಅಂತ ಎಸ್‌ಎಚ್‌ಎ256 ತಾಳೆ ನೋಡಿ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಸಾಲಿನ ಜೊತೆ ಹೊಂದಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ನಮ್ಮ ನೆಟ್ ನಡುವೆ ಕಡಿದು ಕಡಿದು ಬರುತ್ತದೆ, ಅರ್ಧಂಬರ್ಧ ಇಳಿದ ಕಡತದಿಂದ ಇನ್‌ಸ್ಟಾಲ್ ಎಲ್ಲೋ ಎಂಬತ್ತು ಪರ್ಸೆಂಟಿಗೆ ನಿಂತಾಗ ಕಾರಣವೇ ಹೊಳೆಯುವುದಿಲ್ಲ.

ವಿಂಡೋಸ್‌ನಲ್ಲಿ ಆ ಕಡತವನ್ನು ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಅನ್ನುವ ಪ್ರೋಗ್ರಾಂ ಸಾಕು. ಬರೆಯುವ ಮೊದಲು ಅದು ಐಎಸ್‌ಒ ವಿಧಾನವೋ ಡಿಡಿ ವಿಧಾನವೋ ಅಂತ ಕೇಳುತ್ತದೆ. ಆಂಟಿಎಕ್ಸ್‌ಗೆ ಡಿಡಿ ಆರಿಸಿ.

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತುತ್ತಾ ಇರಿ. ಕಂಪನಿಯಿಂದ ಕಂಪನಿಗೆ ಕೀಲಿ ಬೇರೆ. ಬೂಟ್ ಪಟ್ಟಿ ಬಾರದಿದ್ದರೆ ಎಫ್2 ಒತ್ತಿ ಬಯಾಸ್ (ಯಂತ್ರದ ಒಳಗಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಯುಎಸ್‌ಬಿಯನ್ನು ಪಟ್ಟಿಯ ಮೊದಲಿಗೆ ತನ್ನಿ. ಯುಎಸ್‌ಬಿಯಿಂದ ಬೂಟ್ ಆಗಲು ಒಪ್ಪದ ಯಂತ್ರಗಳೂ ಇವೆ, ಅವಕ್ಕೆ ಡಿವಿಡಿಗೆ ಬರೆದು ಹಾಕಿ. ಪರದೆ ಕಪ್ಪಾಗಿಯೇ ಉಳಿದರೆ ಬೂಟ್ ಮೆನುವಿನಲ್ಲಿ ಸೇಫ್ ವಿಡಿಯೊ ಆಯ್ಕೆ ಮಾಡಿ ನೋಡಿ.

ಈಗ ಡಿಸ್ಕ್‌ಗೆ ಏನೂ ಮಾಡದೆ ಲಿನಕ್ಸ್ ಪೆನ್‌ಡ್ರೈವ್ ಮೇಲೇ ಓಡುತ್ತಿರುತ್ತದೆ. ಒಂದು ಗಂಟೆ ಹೀಗೇ ಬಳಸಿ. ವೈಫೈ ಬಂತಾ, ಸೌಂಡ್ ಬಂತಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತಾ ಎಲ್ಲಾ ನೋಡಿ. ಫೋಟೊ ಎತ್ತಿಡುವ ಕೆಲಸವೂ ಈಗಲೇ. ಪಾಸ್‌ವರ್ಡ್ ಕೇಳಿದರೆ ಮಾಮೂಲಿ ಬಳಕೆದಾರನಿಗೆ "ಡೆಮೊ", ಎಲ್ಲಾ ಅಧಿಕಾರ ಇರುವ ರೂಟ್ ಖಾತೆಗೆ "ರೂಟ್", ಎರಡೂ ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ.

ಇನ್‌ಸ್ಟಾಲ್

ಫೋಟೊ ಎತ್ತಿಟ್ಟ ಡ್ರೈವನ್ನು ಮೊದಲು ಕಿತ್ತು ಬೀರುವಿನಲ್ಲಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಬ್ಯಾಕಪ್ ಡ್ರೈವ್ ಚುಚ್ಚಿಕೊಂಡೇ ಇನ್‌ಸ್ಟಾಲ್‌ಗೆ ಕೂತು, ಪಟ್ಟಿಯಲ್ಲಿ ತಪ್ಪು ಡಿಸ್ಕ್ ಆರಿಸಿ, ನನ್ನ ತಂದೆಯ ಕೊನೆಯ ವರ್ಷದ ಫೋಟೊಗಳಲ್ಲಿ ಅರ್ಧ ಕಳೆದುಕೊಂಡೆ. ಅವು ವಾಪಸ್ ಬರಲಿಲ್ಲ. ಇನ್‌ಸ್ಟಾಲರ್ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಅಂತ ತೋರಿಸುತ್ತದೆ, ಹೆಸರಿನಿಂದ ಗುರುತು ಸಿಗುವುದಿಲ್ಲ, ಗಾತ್ರ ನೋಡಿ. 120 ಜಿಬಿಯ ಎಸ್‌ಎಸ್‌ಡಿ ಅಲ್ಲಿ 111 ಅಂತ ಕಾಣಬಹುದು. ಎಣಿಸುವ ಲೆಕ್ಕ ಬೇರೆ, ಕಡಿಮೆ ಕೊಟ್ಟಿದ್ದಾರೆ ಅಂದುಕೊಳ್ಳಬೇಡಿ.

ಪೂರ್ತಿ ಡಿಸ್ಕ್ ಬಳಸುವ ಆಯ್ಕೆ ಕೊಡಿ. ಹಳೆಯ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುವ ಆಸೆ ಬೇಡ, ಇಷ್ಟು ಹಳೆಯದಕ್ಕೆ ಅದು ಬರೀ ಭಾರ. ಸಮಯ ವಲಯ ಏಷ್ಯಾ, ಕೋಲ್ಕತ್ತಾ. ಬೂಟ್‌ಲೋಡರ್ (ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಎಲ್ಲಿ ಹಾಕಲಿ ಅಂತ ಕೇಳಿದರೆ ಎಂಬಿಆರ್ ಅನ್ನುವುದನ್ನು ಆರಿಸಿ. ಪಾಸ್‌ವರ್ಡ್ ಹಾಕಿ. ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರು ಮಾಡಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇರುವ ಪಾಯಿಂಟ್‌ಗೇ ಹಾಕಿ. ನನಗೆ ಇಪ್ಪತ್ತು ನಿಮಿಷ ಹಿಡಿಯಿತು.

ವೈಫೈ ಸಿಗದಿದ್ದರೆ

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕಾಡುವುದು ಬ್ರಾಡ್‌ಕಾಮ್ ವೈಫೈ. ಅದಕ್ಕೆ ಬೇಕಾದ ಫರ್ಮ್‌ವೇರ್ (ಆ ಕಾರ್ಡನ್ನು ಓಡಿಸುವ ಪುಟ್ಟ ತಂತ್ರಾಂಶ) ಇಳಿಸಲು ನೆಟ್ ಬೇಕು, ನೆಟ್ ಬರಲು ಫರ್ಮ್‌ವೇರ್ ಬೇಕು. ಈ ಗಂಟು ಬಿಡಿಸುವುದು ಸುಲಭ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಫೋನ್‌ನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್ ಅಂತಲೇ ತಿಳಿಯುತ್ತದೆ. ಆಮೇಲೆ ಫರ್ಮ್‌ವೇರ್ ಹಾಕಿಕೊಳ್ಳಿ.

ವೈಫೈ ಕಾರ್ಡ್ ಕೆಲಸ ಮಾಡುತ್ತಿದೆ, ಪಕ್ಕದ ಮನೆಯದು ಕಾಣುತ್ತಿದೆ, ನಿಮ್ಮ ಫೋನ್‌ನ ಹಾಟ್‌ಸ್ಪಾಟ್ ಮಾತ್ರ ಕಾಣುತ್ತಿಲ್ಲ ಅಂದರೆ ಅದು 5 ಗಿಗಾಹರ್ಟ್ಸ್‌ನಲ್ಲಿ ಇರಬೇಕು. ಆ ಕಾಲದ ಎಷ್ಟೋ ಕಾರ್ಡ್‌ಗಳಿಗೆ 2.4 ಮಾತ್ರ ಗೊತ್ತು. ಫೋನ್‌ನಲ್ಲಿ ಅದಕ್ಕೆ ಬದಲಾಯಿಸಿ. ಅಕ್ಕನ ಮಗಳು ಹಾಸ್ಟೆಲ್‌ಗೆ ಹೋದ ಮೊದಲ ದಿನವೇ ಫೋನ್ ಮಾಡಿದ್ದು ಇದಕ್ಕೇ.

ಕನ್ನಡ

ಪ್ಯಾಕೇಜ್ ಪಟ್ಟಿಯಲ್ಲಿ ಲೋಹಿತ್ ಕನ್ನಡ ಮತ್ತು ಗುಬ್ಬಿ ಫಾಂಟ್‌ಗಳಿವೆ, ಹಾಕಿಕೊಳ್ಳಿ. ಇಲ್ಲದಿದ್ದರೆ ಕನ್ನಡ ಇರುವಲ್ಲಿ ಚೌಕಗಳು ಕಾಣಬಹುದು.

ಟೈಪ್ ಮಾಡಲು ಐಬಸ್ ಮುಂತಾದ ಪ್ರೋಗ್ರಾಂಗಳು ಇವೆ. ಆದರೆ ರ್ಯಾಮ್ ಕಡಿಮೆ ಇರುವಲ್ಲಿ ನನಗೆ ಇಷ್ಟವಾದ ದಾರಿ ಬೇರೆ. ಲಿನಕ್ಸ್‌ನ ಕೀಬೋರ್ಡ್ ವಿನ್ಯಾಸಗಳಲ್ಲೇ ಇಂಡಿಯಾ ಅನ್ನುವ ಗುಂಪಿನಲ್ಲಿ "ಕನ್ನಡ, ಕಗಪ ಫೊನೆಟಿಕ್" ಇದೆ. ಅದನ್ನು ಇಂಗ್ಲಿಷ್ ಜೊತೆ ಎರಡನೆಯದಾಗಿ ಸೇರಿಸಿ, ಬದಲಾಯಿಸಲು ಆಲ್ಟ್ ಮತ್ತು ಶಿಫ್ಟ್ ಇಟ್ಟುಕೊಳ್ಳಿ. ಬೇರೆ ಪ್ರೋಗ್ರಾಂ ಏನೂ ಓಡುವುದಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ಕಲಿತವರ ಬೆರಳಿಗೆ ಗೊತ್ತಿರುವ ಕೀಲಿಗಳೇ ಇವು. ಎಫ್ ಒತ್ತಿದರೆ ಒತ್ತಕ್ಷರ, ಅದೂ ಹಾಗೇ. ಭಾವ ಬಂದು ಕೂತು ಯಾರೂ ಹೇಳಿಕೊಡದೆ ಒಂದು ಪ್ಯಾರಾ ಟೈಪ್ ಮಾಡಿಬಿಟ್ಟರು.

ಬ್ರೌಸರ್‌ಗೆ ಮೂಗುದಾರ

ಲಿನಕ್ಸ್ ಹಗುರ, ವೆಬ್ ಹಗುರ ಅಲ್ಲ. ಡೆಸ್ಕ್‌ಟಾಪ್‌ಗೆ 250 ಎಂಬಿ ಸಾಕಾದಲ್ಲಿ ಫೈರ್‌ಫಾಕ್ಸ್‌ನ ನಾಲ್ಕೈದು ಟ್ಯಾಬ್ ಸಲೀಸಾಗಿ ಒಂದು ಜಿಬಿ ದಾಟುತ್ತವೆ. ಆದ್ದರಿಂದ ಮೊದಲ ಕೆಲಸ ಯುಬ್ಲಾಕ್ ಆರಿಜಿನ್ ಅನ್ನುವ, ಜಾಹೀರಾತು ತಡೆಯುವ ಆಡ್‌ಆನ್ ಹಾಕುವುದು. ಜಾಹೀರಾತು ಹೋದರೆ ಹಳೆಯ ಪ್ರೊಸೆಸರ್‌ಗೆ ಅರ್ಧ ಹೊರೆ ಇಳಿದ ಹಾಗೆ. ಎರಡನೆಯದು, ವಿಳಾಸದ ಪಟ್ಟಿಯಲ್ಲಿ ಅಬೌಟ್ ಕಾಲನ್ ಪ್ರೊಸೆಸಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಾವ ಟ್ಯಾಬ್ ಎಷ್ಟು ನುಂಗುತ್ತಿದೆ ಅಂತ ತೋರಿಸುತ್ತದೆ. ಒಮ್ಮೆ ನೋಡಿದರೆ ಸಾಕು, ತೆರೆದ ಟ್ಯಾಬ್ ಮುಚ್ಚುವ ಅಭ್ಯಾಸ ತಾನಾಗಿ ಬರುತ್ತದೆ.

ಯೂಟ್ಯೂಬ್ ತಡವರಿಸುವುದಕ್ಕೂ ಕಾರಣ ಇದೆ. ಈಗ ಅದು ಹೆಚ್ಚಾಗಿ ವಿಪಿ9, ಎವಿ1 ರೂಪದಲ್ಲಿ ವಿಡಿಯೊ ಕಳಿಸುತ್ತದೆ. 2009ರ ಗ್ರಾಫಿಕ್ಸ್ ಚಿಪ್‌ಗೆ ಅದನ್ನು ಬಿಡಿಸುವುದು ಗೊತ್ತಿಲ್ಲ, ಎಲ್ಲಾ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264ಇಫೈ ಅನ್ನುವ ಆಡ್‌ಆನ್ ಹಾಕಿದರೆ ಹಳೆಯ ಎಚ್.264 ರೂಪವನ್ನೇ ಕೇಳುತ್ತದೆ. ಅದರ ಮೇಲೆ 360ಪಿ ಇಟ್ಟರೆ ಪಾಠದ ವಿಡಿಯೊ ನೋಡಲು ಏನೂ ತೊಂದರೆ ಇಲ್ಲ.

ಕೊನೆಯ ಎರಡು ಸೆಟ್ಟಿಂಗ್

ಲಿಬ್ರೆ ಆಫೀಸ್‌ನ ಆಟೊ ರಿಕವರಿ ಹತ್ತು ನಿಮಿಷಕ್ಕೊಮ್ಮೆ ಇರುತ್ತದೆ, ಅದನ್ನು ಎರಡಕ್ಕೆ ಇಳಿಸಿ. ಬ್ಯಾಟರಿ ಇಲ್ಲದ ಯಂತ್ರ, ಕರೆಂಟ್ ಹೋದರೆ ಎಂಟು ನಿಮಿಷದ ಕೆಲಸ ಉಳಿಯುತ್ತದೆ.

ವಾರಕ್ಕೊಮ್ಮೆ ಅಪ್‌ಡೇಟ್ ಮಾಡಿ. ಆಂಟಿಎಕ್ಸ್ 23ರ ಬೇರಾದ ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್ 30ರ ತನಕ ಇದೆ. ಅಷ್ಟರಲ್ಲಿ ಅವಳ ಎಂಕಾಂ ಕೂಡ ಮುಗಿದಿರುತ್ತದೆ. ಆಮೇಲೂ 64 ಬಿಟ್ ಯಂತ್ರ ಆದ್ದರಿಂದ ಮುಂದಿನ ಆವೃತ್ತಿಗೆ ಹೋಗಬಹುದು. ರೂಟ್ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನ ಬೀರುವಿನಲ್ಲಿ, ಆ ಫೋಟೊ ಡ್ರೈವ್ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ.